ಒಂದೂವರೆ ಲಕ್ಷದ ಅಡ್ವಾನ್ಸ್, ಒಂದು ಒದ್ದೆ ಗೋಡೆ

ಬೆಂಗಳೂರಿನ ವಿಜಯನಗರದ ಹತ್ತಿರ ನಮ್ಮದೊಂದು ಮನೆ ಇದೆ. 30×40 ಸೈಟು. ಕೆಳಗೆ ಅಮ್ಮ ಮತ್ತು ನಾವು. ಮೊದಲ ಮಹಡಿಯಲ್ಲಿ ಎರಡು ರೂಮಿನ ಮನೆ, ಅದರ ಮೇಲೆ ಒಂದು ರೂಮಿನ ಚಿಕ್ಕ ಮನೆ, ಮಿಕ್ಕಿದ್ದು ತಾರಸಿ. ಮೊದಲ ಮಹಡಿಯಲ್ಲಿ ಐದು ವರ್ಷ ಇದ್ದ ಒಂದು ಕುಟುಂಬ 2023ರಲ್ಲಿ ಮನೆ ಬಿಟ್ಟಿತು. ಆಗ ಆದ ತಕರಾರು, ಅದಕ್ಕೆ ಕಾರಣವಾದ ಒಂದು ಗೋಡೆ, ಎರಡರದ್ದೂ ಪೂರ್ತಿ ಲೆಕ್ಕ ಇಲ್ಲಿದೆ. ತಪ್ಪು ಬಹುಪಾಲು ನನ್ನದು. ಮುಚ್ಚಿಡದೆ ಬರೆಯುತ್ತಿದ್ದೇನೆ. ಒಂದೆರಡು ಮನೆ ಬಾಡಿಗೆಗೆ ಕೊಟ್ಟುಕೊಂಡಿರುವ ನನ್ನಂಥವರು ಊರ ತುಂಬಾ ಇದ್ದಾರೆ. ನಮಗೆ ಯಾರೂ ಈ ಕೆಲಸವನ್ನು ಕಲಿಸಿಕೊಟ್ಟಿಲ್ಲ. ಅಪ್ಪ ಮಾಡಿದ್ದನ್ನು ನೋಡಿ ಮಾಡಿಕೊಂಡು ಹೋಗುತ್ತಿದ್ದೇವೆ.

ಹಣ ಎಲ್ಲಿ ಹೋಯಿತು

ಆ ಕುಟುಂಬ ಬಂದದ್ದು 2018ರ ಯುಗಾದಿ ಕಳೆದ ಮೇಲೆ. ಹಾಸನದ ಕಡೆಯವರು. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗ, ಒಬ್ಬರು ಅಜ್ಜಿ. ಬಾಡಿಗೆ 15,000. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,50,000. ಬೆಂಗಳೂರಿನಲ್ಲಿ ಆಗ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಯಾರೂ ಪ್ರಶ್ನೆ ಮಾಡದ ಮಾಮೂಲು. ಬೇರೆ ರಾಜ್ಯದಿಂದ ಬಂದವರು ಕೇಳಿ ಬೆಚ್ಚಿಬೀಳುತ್ತಿದ್ದರು. ನಮಗೆ ಅದು ವಿಚಿತ್ರ ಅನ್ನಿಸುತ್ತಲೇ ಇರಲಿಲ್ಲ.

ಆ ವರ್ಷ ಅಪ್ಪ ಎರಡನೇ ಮಹಡಿ ಕಟ್ಟಿಸುತ್ತಿದ್ದರು. ನಿವೃತ್ತಿಯ ಹಣ ಛಾವಣಿ ಹಾಕುವಷ್ಟರಲ್ಲಿ ಮುಗಿದಿತ್ತು. ಕೈಗೆ ಬಂದ ಒಂದೂವರೆ ಲಕ್ಷ ಮೇಲಿನ ಮನೆಯ ಪೈಪು, ಟೈಲ್ಸು, ಬಾತ್‌ರೂಮಿಗೆ ಹೋಯಿತು. ಬಾಡಿಗೆದಾರರ ಅಡ್ವಾನ್ಸ್‌ನಲ್ಲಿ ಮಹಡಿ ಏರಿಸುವುದು ನಮ್ಮ ಬೀದಿಯಲ್ಲಿ ಹೊಸದೇನಲ್ಲ. ಅವರು ಬಿಟ್ಟು ಹೋಗುವಾಗ ಹೊಸಬರ ಅಡ್ವಾನ್ಸ್ ಬಂದಿರುತ್ತದೆ, ಅದನ್ನೇ ಕೊಟ್ಟರಾಯಿತು ಎಂಬ ಲೆಕ್ಕ. ಲೆಕ್ಕ ಸರಿ ಹೋಗುವವರೆಗೆ ಯಾರಿಗೂ ತೊಂದರೆ ಕಾಣುವುದಿಲ್ಲ.

ಕರಾರು ಪತ್ರ 11 ತಿಂಗಳದ್ದು. ಯಾಕೆ ಹನ್ನೊಂದೇ ಅಂತ ಬಹಳ ಜನ ಕೇಳುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಓಡಾಟ, ಖರ್ಚು ತಪ್ಪಿಸಲು ಹನ್ನೊಂದು ತಿಂಗಳು. ನಾವು ಒಂದು ಸಲ ನವೀಕರಿಸಿದೆವು, ಆಮೇಲೆ ಬಿಟ್ಟೆವು. ಬಾಡಿಗೆ ಮಾತ್ರ ಬಾಯಿಮಾತಿನಲ್ಲೇ ಏರುತ್ತಾ 2022ರ ಹೊತ್ತಿಗೆ 18,000 ಆಗಿತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಮನೆಯ ಜವಾಬ್ದಾರಿ ನನಗೆ ಬಂತು. ಜವಾಬ್ದಾರಿ ಅಂದರೆ ತಿಂಗಳ ಐದನೇ ತಾರೀಖು ಬಾಡಿಗೆ ಬಂತಾ ಅಂತ ಫೋನಿನಲ್ಲಿ ನೋಡುವುದು ಎಂದಷ್ಟೇ ನಾನು ತಿಳಿದಿದ್ದೆ.

ಗೋಡೆ

2022ರಲ್ಲಿ ಬೆಂಗಳೂರಿನಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿರುತ್ತದೆ. ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದ ವರ್ಷ ಅದು. ನಮ್ಮ ಕಡೆ ನೀರು ನಿಲ್ಲಲಿಲ್ಲ. ಆದರೆ ಜುಲೈನಲ್ಲೇ ಮೊದಲ ಮಹಡಿಯ ಅಜ್ಜಿ ಮಲಗುವ ಕೋಣೆಯ ಗೋಡೆಯಲ್ಲಿ, ಛಾವಣಿಗೆ ಸ್ವಲ್ಪ ಕೆಳಗೆ, ಅಂಗೈ ಅಗಲದ ಕಲೆ ಬಂತು. ಆ ಮನೆಯಾಕೆ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. "ಗೋಡೆ ಬೆವರ್ತಾ ಇದೆ, ಒಂದ್ಸಲ ನೋಡ್ತೀರಾ?" ಎಂದು ಬರೆದಿದ್ದರು.

"ಮಳೆ ನಿಲ್ಲಲಿ, ನೋಡೋಣ" ಅಂದೆ.

ಮಳೆ ನೀರು ಹೊರಗೋಡೆಯಿಂದ ಇಳಿಯುತ್ತಿದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಪ್ಲಂಬರ್ ಒಬ್ಬರನ್ನು ಕರೆಸಿ ಕೇಳಿದ್ದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಬಿಸಿಲು ಬಿದ್ದ ದಿನವೂ ಒದ್ದೆ ಇರುತ್ತಾ? ಇರುತ್ತಿತ್ತು. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಹೊರಗೋಡೆ ಅಥವಾ ತಾರಸಿಯ ತೊಂದರೆ. ಯಾವಾಗಲೂ ಒದ್ದೆ ಇದ್ದರೆ ಮನೆಯೊಳಗೆ ಓಡುವ ನೀರಿನದು. ಆ ಗೋಡೆಯ ನೇರಕ್ಕೆ, ಮೇಲಿನ ಮಹಡಿಯಲ್ಲಿ, ಬಾತ್‌ರೂಮು ಇತ್ತು. ಅಲ್ಲಿ ಕೆಲಸಕ್ಕೆ ಹೋಗುವ ಇಬ್ಬರು ಹುಡುಗರಿದ್ದರು. ಬಾತ್‌ರೂಮು ಒಡೆಸಬೇಕಾದರೆ ಅವರನ್ನು ನಾಲ್ಕೈದು ದಿನ ಬೇರೆ ಕಡೆ ಇರಿಸಬೇಕು. ಆ ಮಾತು ತೆಗೆಯಲು ನನಗೆ ಮುಜುಗರ. ಸುಮ್ನೆ ದಿನ ತಳ್ಳಿದೆ.

ದಸರೆಗೆ ಮುಂಚೆ ಪೇಂಟರ್ ಕರೆಸಿ ಒದ್ದೆ ಗೋಡೆಯ ಮೇಲೆ ನೀರು ತಡೆಯುವ ಬಣ್ಣ ಹೊಡೆಸಿದೆ. 4,500 ರೂಪಾಯಿ. ದೀಪಾವಳಿಗೆ ಬಣ್ಣ ಉಬ್ಬಿ ಹಪ್ಪಳದ ಹಾಗೆ ಎದ್ದು ಬಂತು. ನೀರು ಬರುವ ದಾರಿ ಮುಚ್ಚದೆ ಮೇಲೆ ಬಣ್ಣ ಬಳಿದರೆ ಗೋಡೆಯೊಳಗಿನ ನೀರಿಗೆ ಹೊರಗೆ ಬರಲು ಜಾಗ ಇರುವುದಿಲ್ಲ, ಅದು ಪಕ್ಕಕ್ಕೆ ಹರಡುತ್ತದೆ. ಅಂಗೈ ಅಗಲದ ಕಲೆ ಒಂದು ಚಾಪೆಯಷ್ಟಾಯಿತು. ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಅಜ್ಜಿಗೆ ಮೊದಲೇ ಉಬ್ಬಸ. ಅವರು ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡರು. ಎರಡು ರೂಮಿನ ಮನೆಗೆ ಬಾಡಿಗೆ ಕೊಟ್ಟು ಒಂದು ರೂಮಿನಲ್ಲಿ ಬದುಕಿದರು, ಸುಮಾರು ಐದು ತಿಂಗಳು. ಒಂದು ರೂಪಾಯಿಯನ್ನೂ ಅವರು ಹಿಡಿದುಕೊಳ್ಳಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಕಷ್ಟವಾಗುತ್ತದೆ.

2023ರ ಜನವರಿ ಕೊನೆಗೆ ಅವರಿಂದ ಮೆಸೇಜ್ ಬಂತು. ಮಾರ್ಚ್ ಕೊನೆಗೆ ಮನೆ ಬಿಡುತ್ತೇವೆ, ಅಡ್ವಾನ್ಸ್ ಸಿದ್ಧ ಮಾಡಿಕೊಳ್ಳಿ. ಎರಡು ತಿಂಗಳ ಮುಂಚೆ ಹೇಳಿದ್ದರು. ಕರಾರಿನಲ್ಲಿ ಇದ್ದದ್ದೂ ಅಷ್ಟೇ.

ಅಡ್ವಾನ್ಸ್

ನನ್ನ ಕೈಯಲ್ಲಿ ಹಣ ಇರಲಿಲ್ಲ. ಬೀದಿಯ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ: "ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ದಿನವೇ ಕೊಡ್ತೀನಿ."

ಗೇಟಿಗೆ ಬೋರ್ಡ್ ಹಾಕಿದೆ. ಬಂದವರಿಗೆ ಹಾಲ್ ಇಷ್ಟವಾಗುತ್ತಿತ್ತು, ಅಡುಗೆಮನೆ ಇಷ್ಟವಾಗುತ್ತಿತ್ತು. ಆ ಕೋಣೆಯ ಬಾಗಿಲು ತೆಗೆದ ಕೂಡಲೇ "ಹೇಳ್ತೀವಿ" ಅಂತ ಹೊರಟುಬಿಡುತ್ತಿದ್ದರು. ಫೆಬ್ರವರಿ, ಮಾರ್ಚ್ ಎರಡು ತಿಂಗಳಲ್ಲಿ ಎಂಟೊಂಬತ್ತು ಕುಟುಂಬ ಬಂದು ಹೋಯಿತು. ಗೋಡೆ ರಿಪೇರಿ ಆಗದೆ ಹೊಸಬರು ಬರುವುದಿಲ್ಲ. ಹೊಸಬರು ಬರದೆ ಅಡ್ವಾನ್ಸ್ ಹಣ ಇಲ್ಲ. ಮನೆ ಖಾಲಿಯಾಗದೆ ಗೋಡೆ ರಿಪೇರಿ ಆಗುವುದಿಲ್ಲ. ಅಡ್ವಾನ್ಸ್ ಸಿಗದೆ ಅವರು ಖಾಲಿ ಮಾಡಲಾರರು, ಯಾಕೆಂದರೆ ಅವರು ನೋಡಿಟ್ಟಿದ್ದ ಮನೆಗೂ ಅಡ್ವಾನ್ಸ್ ಕೊಡಬೇಕಿತ್ತು. ಆ ಮನೆಯ ಓನರ್ ಕೂಡ ತನ್ನ ಹಳೆಯ ಬಾಡಿಗೆದಾರರಿಗೆ ಇವರ ಹಣದಿಂದಲೇ ಕೊಡಲು ಕಾಯುತ್ತಿದ್ದರಂತೆ. ಒಂದು ಕಡೆ ತಡೆದರೆ ಎಷ್ಟು ಮನೆಗಳ ಸಾಮಾನು ಲಾರಿ ಹತ್ತದೆ ನಿಲ್ಲುತ್ತದೆ ನೋಡಿ.

ಇಷ್ಟರ ನಡುವೆ ನಾನು ಇನ್ನೊಂದು ತಪ್ಪು ಮಾಡಿದೆ. ಮಾರ್ಚ್ ಮೂರನೇ ವಾರ ಲೆಕ್ಕದ ಚೀಟಿ ಬರೆದು ಕೊಟ್ಟೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 18,000. ಕೋಣೆಯ ಗೋಡೆ ಹಾಳಾಗಿದ್ದಕ್ಕೆ 10,000. ಮಿಕ್ಕಿದ್ದು ಹೊಸಬರು ಬಂದ ಮೇಲೆ. ಚೀಟಿ ಓದಿದ ಅವರು ಜಗಳವಾಡಲಿಲ್ಲ. ಫೋನ್ ತೆಗೆದು ಜುಲೈಯಿಂದ ಕಳಿಸಿದ ಹದಿನೇಳು ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಪ್ರತಿಯೊಂದರ ಕೆಳಗೂ ತಾರೀಖು ಇತ್ತು. ಪ್ರತಿಯೊಂದರ ಕೆಳಗೂ ನನ್ನ ಉತ್ತರ ಇತ್ತು.

ವಕೀಲರು ಹೇಳಿದ್ದು

ಅಮ್ಮನ ಒತ್ತಾಯಕ್ಕೆ ಪರಿಚಯದ ವಕೀಲರ ಹತ್ತಿರ ಹೋದೆ. ನನ್ನ ಪರವಾಗಿ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ.

ನಾನು "ಬಾಡಿಗೆ ಕಾಯ್ದೆ" ಅಂದೆ. ಅವರು ತಲೆಯಾಡಿಸಿದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಕೊನೆಯ ದಿನ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯವಾಗುವುದಿಲ್ಲ. ಈಗ ಅಷ್ಟು ಕಡಿಮೆ ಬಾಡಿಗೆಗೆ ಎಲ್ಲಿ ಮನೆ ಸಿಗುತ್ತೆ ಹೇಳಿ? ಹಾಗಾಗಿ ನಮ್ಮಂಥವರ ಮನೆಗಳನ್ನು ಆಳುವುದು ಕರಾರು ಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರಿನ ಅವಧಿ ಮುಗಿದರೂ ಬಾಡಿಗೆದಾರರು ಇದ್ದರು, ನಾವು ಬಾಡಿಗೆ ತೆಗೆದುಕೊಂಡೆವು. ಅಲ್ಲಿಗೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಯಿತು. ಬೇರೆ ಮಾತಾಗದಿದ್ದರೆ ಅಂಥದ್ದನ್ನು ಮುಗಿಸಲು ಎರಡೂ ಕಡೆಯವರಿಗೆ 15 ದಿನದ ನೋಟಿಸ್ ಸಾಕು. ಅವರು ಎರಡು ತಿಂಗಳೇ ಕೊಟ್ಟಿದ್ದರು.

ಆಮೇಲೆ ಆ ಕಾಯ್ದೆಯ 108ನೇ ಕಲಂ ಓದಿಸಿದರು. ಮನೆಯನ್ನು ಬಾಡಿಗೆದಾರ ಪಡೆದಾಗ ಇದ್ದ ಸ್ಥಿತಿಯಲ್ಲೇ ವಾಪಸು ಕೊಡಬೇಕು ನಿಜ, ಆದರೆ ಸಹಜ ಸವೆತವನ್ನು ಬಿಟ್ಟು. ಐದು ವರ್ಷ ಜನ ಬಾಳಿದ ಮನೆಯ ಬಣ್ಣ ಮಾಸುವುದು ಸಹಜ ಸವೆತ. ಇನ್ನೊಂದು ಮಾತೂ ಅದೇ ಕಲಮಿನಲ್ಲಿದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ನಮ್ಮ ಕರಾರಿನಲ್ಲಿ "ಪೈಪು, ಗೋಡೆ, ಛಾವಣಿಯ ದೊಡ್ಡ ರಿಪೇರಿ ಮಾಲೀಕರದ್ದು" ಎಂದು ಅಪ್ಪನೇ ಬರೆಸಿದ್ದರು.

ಪೇಂಟಿಂಗ್ ಹಣದ ವಿಷಯ ಸ್ವಲ್ಪ ಬೇರೆ. "ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಮುರಿದುಕೊಳ್ಳುವುದು" ಎಂದು ಕರಾರಿನಲ್ಲಿ ಇತ್ತು, ಅವರು ಸಹಿ ಹಾಕಿದ್ದರು. ಅದನ್ನು ಹಿಡಿದು ವಾದ ಮಾಡಬಹುದು ಎಂದರು ವಕೀಲರು. ನಾನು ಮನೆಗೆ ಬಂದು ಯೋಚಿಸಿದೆ. ಆರು ತಿಂಗಳಿಗೆ, ವರ್ಷಕ್ಕೆ ಬಿಟ್ಟು ಹೋಗುವವರಿಂದ ಪೇಂಟಿಂಗ್ ಖರ್ಚು ಹಿಡಿಯುವುದರಲ್ಲಿ ಒಂದು ನ್ಯಾಯ ಇದೆ. ಐದು ವರ್ಷ ಒಂದು ದಿನ ತಪ್ಪದೆ ಬಾಡಿಗೆ ಕೊಟ್ಟವರಿಂದ, ಅದೂ ನನ್ನ ಪೈಪು ಕೆಡಿಸಿದ ಗೋಡೆಗೆ ಬಣ್ಣ ಹೊಡೆಯಲು, ಹಣ ಹಿಡಿಯುವುದು ನನಗೆ ಸರಿ ಕಾಣಲಿಲ್ಲ.

ಹೊರಡುವ ಮುಂಚೆ ವಕೀಲರು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. "ತೆರಿಗೆ ರಿಟರ್ನ್ಸ್ ಹಾಕುವಾಗ ಬಾಡಿಗೆ ಆದಾಯದಲ್ಲಿ ಶೇಕಡಾ 30 ಬಿಡ್ತಾರಲ್ಲ, ಯಾಕೆ ಗೊತ್ತಾ?" ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ ಮೂವತ್ತನ್ನು ಆದಾಯ ತೆರಿಗೆಯವರು ಬಿಲ್ಲು ಕೇಳದೆ ಬಿಟ್ಟುಬಿಡುತ್ತಾರೆ. ಮನೆ ಅಂದಮೇಲೆ ರಿಪೇರಿ, ನಿರ್ವಹಣೆ ಇದ್ದೇ ಇರುತ್ತದೆ ಎಂಬ ಲೆಕ್ಕದಲ್ಲಿ. ನಾನು ಪ್ರತಿ ವರ್ಷ ಆ ಮೂವತ್ತನ್ನು ಕಳೆದು ತೆರಿಗೆ ಕಟ್ಟಿದ್ದೆ. 18,000 ಬಾಡಿಗೆಗೆ ಅದು ವರ್ಷಕ್ಕೆ 60,000 ಮೀರುತ್ತದೆ. ಮೊದಲ ಮಹಡಿಯ ರಿಪೇರಿಗೆ ಆ ವರ್ಷ ನಾನು ಖರ್ಚು ಮಾಡಿದ್ದು ಆ 4,500 ಮಾತ್ರ.

ಹಣ ಕೊಟ್ಟ ದಿನ, ಗೋಡೆ ಒಡೆದ ದಿನ

ಅಮ್ಮ ಬಳೆ ತೆಗೆದುಕೊಟ್ಟರು. ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದೆ. ಏಪ್ರಿಲ್ ಮೊದಲ ವಾರ ಒಂದೂವರೆ ಲಕ್ಷದಲ್ಲಿ ಕೊನೆಯ ಕರೆಂಟು, ನೀರಿನ ಬಿಲ್ಲು ಮಾತ್ರ ಕಳೆದು ಪೂರ್ತಿ ಅವರ ಖಾತೆಗೆ ಹಾಕಿದೆ. ಒದ್ದೆ ಕೋಣೆಯ ತಿಂಗಳುಗಳಿಗೆ ಬಾಡಿಗೆಯಲ್ಲಿ 10,000 ವಾಪಸು ಕೊಡಲು ಹೋದೆ. ಅವರು ಬೇಡ ಎಂದರು. ಅಜ್ಜಿಯ ಕೈಗೆ ಕೊಟ್ಟೆ, ತೆಗೆದುಕೊಂಡರು. "ನಿಮ್ಮಪ್ಪ ಇದ್ದಿದ್ರೆ ಜುಲೈನಲ್ಲೇ ಮೇಲೆ ಹತ್ತಿ ನೋಡ್ತಿದ್ರು" ಅಂದರು. ಕೋಪದಿಂದ ಹೇಳಿದ ಮಾತಲ್ಲ.

ಅವರು ಹೋದ ವಾರವೇ ಮೇಲಿನ ಹುಡುಗರ ಹತ್ತಿರ ಮಾತಾಡಿದೆ. ನಾನು ಅಷ್ಟು ತಿಂಗಳು ಹೆದರಿದ್ದ ಆ ಮಾತಿಗೆ ಅವರ ಉತ್ತರ: "ಆಯ್ತು ಸರ್, ಒಂದು ವಾರ ಊರಿಗೆ ಹೋಗ್ತೀವಿ." ಆ ವಾರದ ಬಾಡಿಗೆ ಬಿಟ್ಟೆ.

ಪ್ಲಂಬರ್ ಮಾಡಿದ ಪರೀಕ್ಷೆಯನ್ನು ಬರೆಯಲೇಬೇಕು, ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಮೊದಲು ಎಲ್ಲ ನಲ್ಲಿ ಮುಚ್ಚಿ ಓವರ್‌ಹೆಡ್ ಟ್ಯಾಂಕಿನ ಮಟ್ಟ ಗುರುತಿಟ್ಟರು. ರಾತ್ರಿ ಕಳೆದರೂ ಮಟ್ಟ ಇಳಿಯಲಿಲ್ಲ. ಅಂದರೆ ಒತ್ತಡದಲ್ಲಿ ನೀರು ಬರುವ ಪೈಪು ಸರಿ ಇದೆ. ಆಮೇಲೆ ಬಾತ್‌ರೂಮಿನ ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಅದಕ್ಕೆ ಬಣ್ಣದ ಪುಡಿ ಬೆರೆಸಿದರು. ಮಾರನೇ ದಿನ ಮಧ್ಯಾಹ್ನಕ್ಕೆ ಕೆಳಗಿನ ಗೋಡೆಯಲ್ಲಿ ನಸುಗೆಂಪು ಕಾಣಿಸಿತು. ನೆಲ ಒಡೆದು ನೋಡಿದರೆ ನೆಲದ ಟ್ರ್ಯಾಪು (ನೀರು ಹೋಗುವ ಕಿಂಡಿಯ ಕೆಳಗೆ ಕೂರಿಸುವ ಬಟ್ಟಲು) ಮತ್ತು ಪೈಪು ಸೇರುವ ಜಾಗದಲ್ಲಿ ಸೀಳು. ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್ ಇರಲೇ ಇಲ್ಲ. 2018ರಲ್ಲಿ ಹಣ ಸಾಲದೆ ಬಿಟ್ಟಿದ್ದರು. ಹಣ ಯಾರದು ಅಂತ ಮೇಲೆ ಹೇಳಿದ್ದೇನೆ. ತಮ್ಮದೇ ದುಡ್ಡಿನಲ್ಲಿ ಅರೆಬರೆ ಕಟ್ಟಿದ ಬಾತ್‌ರೂಮಿನ ಕೆಳಗೆ ಆ ಅಜ್ಜಿ ಐದು ವರ್ಷ ಮಲಗಿದ್ದರು.

ಟ್ರ್ಯಾಪು ಬದಲಾಯಿಸಿ, ನೆಲಕ್ಕೂ ಗೋಡೆಯ ಬುಡದಿಂದ ಒಂದಡಿ ಎತ್ತರಕ್ಕೂ ವಾಟರ್‌ಪ್ರೂಫಿಂಗ್ ಬಳಿದು, ಮತ್ತೆ ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆ ಟೈಲ್ಸ್ ಹಾಕಿದರು. ಕೆಳಗಿನ ಕೋಣೆಯ ಪ್ಲಾಸ್ಟರ್ ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಮೂರು ವಾರ ಫ್ಯಾನ್ ಹಾಕಿ, ಕಿಟಕಿ ತೆಗೆದು ಒಣಗಿಸಿದೆವು. ಎಲ್ಲ ಸೇರಿ 42,000. ಎರಡು ತಿಂಗಳು ಮನೆ ಖಾಲಿ, ಬಾಡಿಗೆ 36,000 ಇಲ್ಲ. ಚಿನ್ನದ ಸಾಲದ ಬಡ್ಡಿ ಬೇರೆ. ಜುಲೈನಲ್ಲೇ ಕರೆದಿದ್ದರೆ ಮೇಲಿನ ಬಾತ್‌ರೂಮಿನ ಕೆಲಸ ಮಾತ್ರ ಆಗುತ್ತಿತ್ತು, 20,000 ದಾಟುತ್ತಿರಲಿಲ್ಲ ಎಂದರು ಅದೇ ಪ್ಲಂಬರ್.

ಹೊಸ ಕರಾರು

2023ರ ಜೂನ್‌ನಲ್ಲಿ, ಆಷಾಢ ಹುಟ್ಟುವ ಮುಂಚೆ ಬರಬೇಕೆಂದಿದ್ದ ಒಂದು ಕುಟುಂಬ ಸಿಕ್ಕಿತು. ಅಡ್ವಾನ್ಸ್ ಮೂರು ತಿಂಗಳದ್ದು ಕೇಳಿದೆ. ಬೀದಿಯಲ್ಲಿ ಕೆಲವರು ಬೈದರು. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳು ಮೀರಬಾರದು ಎಂದಿದೆ. ಅದು ಬರೀ ಮಾದರಿ, ರಾಜ್ಯ ತನ್ನದಾಗಿ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಆದರೆ ಯಾರು ಯಾವ ರಿಪೇರಿ ಮಾಡಿಸಬೇಕು ಎಂಬ ಅದರ ಪಟ್ಟಿ ಚೆನ್ನಾಗಿದೆ ಅನ್ನಿಸಿ, ಅದನ್ನೇ ನಮ್ಮ ಕರಾರಿಗೆ ಇಳಿಸಿಕೊಂಡೆ. ಗೋಡೆ, ಛಾವಣಿ, ಪೈಪು, ವೈರಿಂಗ್, ಸುಣ್ಣ-ಬಣ್ಣ ನನ್ನದು. ನಲ್ಲಿಯ ವಾಷರು, ಸ್ವಿಚ್ಚು, ಒಡೆದ ಕಿಟಕಿ ಗಾಜು, ಕಟ್ಟಿಕೊಂಡ ಸಿಂಕು ಅವರದ್ದು. ಒಳಗೆ ಬರಬೇಕಾದರೆ ಒಂದು ದಿನ ಮುಂಚೆ ತಿಳಿಸುತ್ತೇನೆ ಎಂದೂ ಬರೆಸಿದೆ. ಮೊದಲು ನಾವು ಬೆಲ್ ಒತ್ತಿ ಸೀದಾ ಒಳಗೆ ಹೋಗುತ್ತಿದ್ದೆವು, ನಮ್ಮದೇ ಮನೆ ಅಲ್ವಾ ಎಂಬ ಸಲಿಗೆಯಲ್ಲಿ.

ಅಡ್ವಾನ್ಸ್ ಹಣವನ್ನು ಬೇರೆ ಖಾತೆಯಲ್ಲಿ ಠೇವಣಿ ಇಟ್ಟಿದ್ದೇನೆ. ಅದರ ಬಾಂಡ್ ಮೇಲೆ ಪೆನ್ಸಿಲಿನಲ್ಲಿ "ಮೊದಲ ಮಹಡಿಯವರದ್ದು" ಎಂದು ಅಮ್ಮ ಬರೆದಿದ್ದಾರೆ.

ಬೀಗದ ಕೈ ಕೊಡುವ ದಿನ ಇಬ್ಬರೂ ಸೇರಿ ಪ್ರತಿ ಕೋಣೆಯ ವಿಡಿಯೋ ಮಾಡಿದೆವು. ಫ್ಯಾನು, ಲೈಟು, ಮೀಟರ್ ರೀಡಿಂಗ್ ಎಲ್ಲ ಬರೆದು ಇಬ್ಬರೂ ಸಹಿ ಹಾಕಿದೆವು. ಆಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅವರು ಹಳೆಯ ಮನೆಯಿಂದ ಗ್ಯಾಸ್ ಗೀಸರ್ ತಂದಿದ್ದರು, ಬಾತ್‌ರೂಮಿನೊಳಗೆ ಹಾಕಿಸಲು. ನಮ್ಮ ಬಾತ್‌ರೂಮಿನ ಕಿಂಡಿ ಪುಸ್ತಕದಷ್ಟು ಅಗಲ. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿಯನ್ನು ನಮ್ಮ ರಾಜ್ಯದಲ್ಲಿ ಎಷ್ಟು ಸಲ ಓದಿದ್ದೇವೆ! ಒಳಗೆ ಬೇಡವೇ ಬೇಡ ಎಂದು ಹೇಳಿ, ನಾನೇ ಕರೆಂಟ್ ಗೀಸರ್ ಹಾಕಿಸಿದೆ. ಜೊತೆಗೆ ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನಾಗಿ ಕಡಿತ ಮಾಡುವ ಸ್ವಿಚ್ ಕೂಡ. ಈ ಎರಡರ ವಿಷಯದಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಅದೇ ಆಗಸ್ಟ್‌ನಲ್ಲಿ ಗೃಹಜ್ಯೋತಿಯ ಸೊನ್ನೆ ಬಿಲ್ಲು ಶುರುವಾಯಿತು. ಬಾಡಿಗೆದಾರರೂ ಆಧಾರ್ ಜೋಡಿಸಿ ಅದನ್ನು ಪಡೆಯಬಹುದು. ಮನೆ ಬಿಡುವಾಗ ಆ ಜೋಡಣೆ ಬಿಡಿಸಿ ಹೋಗಬೇಕು ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಮುಂದೆ ಬರುವವರಿಗೆ ತೊಡಕಾಗುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರು ಬತ್ತಿ ಟ್ಯಾಂಕರ್ ತರಿಸಬೇಕಾಯಿತು. ನಗರ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ದರ ಕಟ್ಟಿದ್ದ ಸಮಯ ಅದು. ಮೂರು ಮನೆಯ ತಲೆ ಎಣಿಸಿ ಹಂಚಿಕೊಂಡೆವು, ಲೆಕ್ಕವನ್ನು ಗೇಟಿನ ಒಳಗೆ ಅಂಟಿಸಿದೆವು. ಯಾರೂ ತಕರಾರು ಎತ್ತಲಿಲ್ಲ.

ಹಳೆಯ ಕುಟುಂಬ ಈಗ ನಾಗರಭಾವಿ ಕಡೆ ಇದೆ. ಈಗಲೂ ಸಂಕ್ರಾಂತಿಗೆ ಎಳ್ಳು ಕಳಿಸುತ್ತಾರೆ. ಪ್ರತಿ ಜೂನ್‌ನಲ್ಲಿ, ಹಿಂದಿನ ದಿನ ಮೆಸೇಜ್ ಮಾಡಿ, ಮೊದಲ ಮಹಡಿಗೆ ಹೋಗಿ ಆ ಗೋಡೆಗೆ ಅಂಗೈ ಒತ್ತಿ ನೋಡುತ್ತೇನೆ. ಇವತ್ತಿನವರೆಗೆ ಒಣಗಿಯೇ ಇದೆ.